ಯಾವ ಗಾಡಿಗೆ?

"ಟು ಟಿ ಆಯಿಲ್ ಇದೆಯೇ?" ಎಂದು ಕೇಳಿದೆ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನ ಆ ಅಂಗಡಿಯ ಹುಡುಗ ಮೊಬೈಲಿನಿಂದ ಕಣ್ಣೆತ್ತದೆಯೇ, "ಯಾವ ಗಾಡಿಗೆ ಸಾರ್?" ಎಂದ. ಈ ಪ್ರಶ್ನೆಗೆ ಹತ್ತು ವರ್ಷಗಳಿಂದ ನಾನು ತರಹೇವಾರಿ ಉತ್ತರ ಕೊಟ್ಟಿದ್ದೇನೆ. ಹಳೆಯ ಆರ್‌ಎಕ್ಸ್ 100 ಇದೆ ಎಂದು ಪೂರ್ತಿ ಸುಳ್ಳು ಹೇಳಿದ್ದೇನೆ. ತೋಟದ ವೀಡ್ ಕಟರ್‌ಗೆ ಎಂದು ಅರ್ಧ ಸುಳ್ಳು ಹೇಳಿದ್ದೇನೆ. ಅಂದು ಏನನ್ನಿಸಿತೋ, "ವಿಮಾನಕ್ಕೆ" ಎಂದೆ. ಈಗ ಹುಡುಗ ಕಣ್ಣೆತ್ತಿದ. ನನ್ನನ್ನೂ ಹೊರಗೆ ನಿಲ್ಲಿಸಿದ್ದ ನನ್ನ ಬೈಕನ್ನೂ ನೋಡಿ, "ಸೋಗಾನೆಯಿಂದ ಬಂದಿರಾ?" ಎಂದ.

ಶಿವಮೊಗ್ಗದ ವಿಮಾನ ನಿಲ್ದಾಣವಿರುವ ಸೋಗಾನೆಯಲ್ಲಿ ಇಳಿಯುವ ವಿಮಾನಕ್ಕೂ ನನ್ನ ವಿಮಾನಕ್ಕೂ ಸಂಬಂಧವಿಲ್ಲ. ನನ್ನದು ಬಾಲ್ಸಾ ಮರದ, ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದು ಮೀಟರ್ ಎಂಬತ್ತು ಸೆಂಟಿಮೀಟರ್ ಬರುವ, ಐದು ಕಿಲೋ ತೂಗುವ ಮಾದರಿ ವಿಮಾನ. ಮೂತಿಗೆ 20 ಸಿಸಿಯ ಪೆಟ್ರೋಲ್ ಎಂಜಿನ್. ರಿಮೋಟ್ ಹಿಡಿದು ನೆಲದ ಮೇಲೆ ನಿಂತು ಹಾರಿಸುವುದು. ಮದುವೆಯಾಗಿ ಮಕ್ಕಳಿರುವ ಗಂಡಸಿಗೆ ಇದೆಂಥ ಹುಚ್ಚು ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಆಯಿಲ್ ವಿಷಯ ಕೇಳಿದರೆ ಮಾತ್ರ ಬೇಕಾದಷ್ಟು ಹೇಳಬಲ್ಲೆ.

ನಾನು ಚಿಕ್ಕವನಿದ್ದಾಗ, ಟು ಸ್ಟ್ರೋಕ್ ಎಂಜಿನ್ನಿನ ಪೆಟ್ರೋಲಿಗೆ ಬೆರೆಸುವ ಈ ಟು ಟಿ ಆಯಿಲನ್ನು ಯಾರೂ ಹುಡುಕಬೇಕಾಗಿರಲಿಲ್ಲ. ಸಾಗರದ ಬಂಕಿನಲ್ಲಿ ಅಪ್ಪಯ್ಯನ ಸ್ಕೂಟರಿಗೆ ಪೆಟ್ರೋಲ್ ಹಾಕಿಸುವಾಗ, ಪಕ್ಕದ ಸಣ್ಣ ಪಂಪಿನ ಹಿಡಿಕೆ ತಿರುಗಿಸಿ ಅಳತೆಯ ಆಯಿಲನ್ನು ಅದೇ ಟ್ಯಾಂಕಿಗೆ ಬಿಡುತ್ತಿದ್ದರು. ಬಂಕಿನವನು ಸ್ಕೂಟರನ್ನು ಎರಡು ಸಲ ಅತ್ತಿತ್ತ ಅಲುಗಾಡಿಸುತ್ತಿದ್ದ; ಬೆರೆಯಲಿ ಎಂದು. ಸ್ಕೂಟರು, ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ, ಆಮೇಲೆ ಆರ್‌ಎಕ್ಸ್ 100, ಎಲ್ಲವೂ ಟು ಸ್ಟ್ರೋಕ್. ಜೋಗದ ರಸ್ತೆಯ ಏರಿನಲ್ಲಿ ಅವು ಬಿಟ್ಟು ಹೋದ ನೀಲಿ ಹೊಗೆ ಮಂಜಿನ ಜೊತೆ ಸೇರಿ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿತ್ತು. ಹೊಗೆ ಊರಿಗೆ ಒಳ್ಳೆಯದಲ್ಲ, ಹೋದದ್ದು ಸರಿಯೇ. ಆದರೆ ಗಾಡಿಗಳ ಜೊತೆ ಆಯಿಲೂ ಬಂಕಿನಿಂದ ಮಾಯವಾಯಿತು.

ಎಂಜಿನ್ನು ಆಯಿಲನ್ನು ಏಕೆ ಕುಡಿಯಬೇಕು ಎಂದು ಹೆಂಡತಿ ಒಮ್ಮೆ ಕೇಳಿದ್ದಳು. ಈಗಿನ ಬೈಕಿನ ಫೋರ್ ಸ್ಟ್ರೋಕ್ ಎಂಜಿನ್ನಿಗೆ ತಳದಲ್ಲಿ ಆಯಿಲಿನದ್ದೇ ಒಂದು ಗುಂಡಿ ಇರುತ್ತದೆ. ಅಲ್ಲಿಂದ ಆಯಿಲು ಮೇಲೇರಿ, ಸುತ್ತಾಡಿ, ಮತ್ತೆ ಅಲ್ಲಿಗೇ ಬಂದು ಬೀಳುತ್ತದೆ. ಟು ಸ್ಟ್ರೋಕಿಗೆ ಆ ಗುಂಡಿಯ ಜಾಗವೇ ದಾರಿ. ಕಾರ್ಬುರೇಟರಿನಿಂದ ಬಂದ ಪೆಟ್ರೋಲು ಮತ್ತು ಗಾಳಿ ಮೊದಲು ಕ್ರ್ಯಾಂಕಿನ ಕೋಣೆಗೆ ಇಳಿದು, ಪಿಸ್ಟನ್ ಕೆಳಗೆ ಬರುವಾಗ ಒತ್ತಿಸಿಕೊಂಡು, ಪಕ್ಕದ ಕಿಂಡಿಗಳಿಂದ ಸಿಲಿಂಡರಿಗೆ ಏರುತ್ತದೆ. ಬೇರಿಂಗ್, ಕನೆಕ್ಟಿಂಗ್ ರಾಡ್, ಪಿಸ್ಟನ್ ಪಿನ್ನು, ಇವಕ್ಕೆಲ್ಲ ಆ ಪೆಟ್ರೋಲು ಹಾದುಹೋಗುವಾಗ ಮೈಗೆ ತಾಗಿಸಿ ಹೋಗುವ ಆಯಿಲಷ್ಟೇ ಗತಿ. ನಿಮಿಷಕ್ಕೆ ಏಳೆಂಟು ಸಾವಿರ ಸುತ್ತು ತಿರುಗುವ ಲೋಹಕ್ಕೆ ಅಷ್ಟೇ ದಕ್ಕುವುದು. ಉಳಿದದ್ದು ಉರಿದು ಸೈಲೆನ್ಸರಿನಿಂದ ಆಚೆ.

ಪೆಟ್ರೋಲ್ ಎಂಜಿನ್ನಿಗೆ ಬರುವ ಮೊದಲು ನಾನು ಗ್ಲೋ ಎಂಜಿನ್ನಿನವನಾಗಿದ್ದೆ; ಕಾದ ತಂತಿಯಿಂದ ಇಂಧನ ಹೊತ್ತಿಸುವ ಸಣ್ಣ ಎಂಜಿನ್ನು ಅದು. ಅದರ ಇಂಧನ ಮೆಥನಾಲ್, ಜೊತೆಗೆ ಸ್ವಲ್ಪ ನೈಟ್ರೋಮೀಥೇನ್, ಮತ್ತೆ ಐದರಲ್ಲಿ ಒಂದು ಪಾಲಿನಷ್ಟು ಎಣ್ಣೆ. ಎಣ್ಣೆಯೆಂದರೆ ಹರಳೆಣ್ಣೆ. ಹೌದು, ಅಜ್ಜಿ ಹೊಟ್ಟೆ ಶುದ್ಧಿಗೆಂದು ಕುಡಿಸುತ್ತಿದ್ದದ್ದೇ. ಮೊದಲ ಮಹಾಯುದ್ಧದ ಕಾಲದಲ್ಲಿ ಇಡೀ ಎಂಜಿನ್ನೇ ಪ್ರೊಪೆಲ್ಲರ್ ಜೊತೆ ಗಿರಗಿರನೆ ತಿರುಗುವ ವಿಮಾನಗಳಿದ್ದವು. ಅವು ಹರಳೆಣ್ಣೆಯನ್ನೇ ನಂಬಿದ್ದವು, ಏಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಪೆಟ್ರೋಲು ಅದನ್ನು ತೊಳೆದುಕೊಂಡು ಹೋಗಲಾರದು. ಎಣ್ಣೆಯ ಹೊಗೆ ಕುಡಿದ ಪೈಲಟ್‌ಗಳು ಇಳಿದ ಕೂಡಲೇ ಬೇಲಿ ಹುಡುಕಿಕೊಂಡು ಓಡುತ್ತಿದ್ದರು ಎಂಬ ಕಥೆಯೂ ಇದೆ. ಅಜ್ಜಿಯ ಪ್ರಯೋಗಕ್ಕೆ ಒಳಗಾದ ನಾನು ಆ ಕಥೆಯನ್ನು ನಂಬುತ್ತೇನೆ. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಕ್ಯಾಸ್ಟರ್ ಎಂಬುದರಿಂದ, 1909ರಲ್ಲಿ.

ಇನ್ನೊಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಮೆಥನಾಲಿಗೆ ಹಳೆಯ ಹೆಸರು ಮರದ ಮದ್ಯಸಾರ. 1923ರಲ್ಲಿ ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಶುರುವಾದಾಗ ಅಲ್ಲಿ ಕಲ್ಲಿದ್ದಲು ಇರಲಿಲ್ಲ. ಮಲೆನಾಡಿನ ಮರಗಳನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಇದ್ದಿಲು ಮಾಡುತ್ತಿದ್ದರು. ಆ ಹೊಗೆಯನ್ನು ತಣಿಸಿ ಇಳಿಸಿದರೆ ಡಾಂಬರಿನ ಜೊತೆ ಮರದ ಮದ್ಯಸಾರವೂ ಸಿಗುತ್ತಿತ್ತು. ನಾನು ಬೆಂಗಳೂರಿನಿಂದ ಬಸ್ಸಿನಲ್ಲಿ ಕದ್ದುಮುಚ್ಚಿ ತರುವಂತೆ ಭಯಪಡುತ್ತಾ ತರಿಸಿಕೊಳ್ಳುತ್ತಿದ್ದ ಇಂಧನ ನೂರು ವರ್ಷಗಳ ಹಿಂದೆ ಮನೆಯಿಂದ ಎರಡು ತಾಸಿನ ದಾರಿಯಲ್ಲಿ ತಯಾರಾಗುತ್ತಿತ್ತು. ಗ್ಲೋ ಬಿಟ್ಟು ಪೆಟ್ರೋಲಿಗೆ ಬಂದದ್ದೇ ಈ ಇಂಧನದ ಫಜೀತಿಯಿಂದ. ಪೆಟ್ರೋಲು ಎಲ್ಲೆಲ್ಲೂ ಸಿಗುತ್ತದೆ, ಆಯಿಲೂ ಸಿಗದೇ ಎಲ್ಲಿಗೆ ಹೋಗುತ್ತದೆ ಎಂದುಕೊಂಡಿದ್ದೆ.

ಎಂಜಿನ್ನಿನ ಕೈಪಿಡಿ 30:1 ಎಂದಿತ್ತು. ಮೂವತ್ತು ಪಾಲು ಪೆಟ್ರೋಲಿಗೆ ಒಂದು ಪಾಲು ಒಳ್ಳೆಯ ಟು ಸ್ಟ್ರೋಕ್ ಆಯಿಲ್. ಒಳ್ಳೆಯದು ಎಂದರೆ ಯಾವುದು ಎಂದು ಹಾರಿಸುವವರನ್ನು ಕೇಳಿದರೆ ಹತ್ತು ಜನ ಹನ್ನೊಂದು ಹೆಸರು ಹೇಳುತ್ತಿದ್ದರು. ಅಮೆರಿಕದ ಆಮ್ಸಾಯಿಲ್, ರೆಡ್ ಲೈನ್, ಫ್ರಾನ್ಸಿನ ಮೋಟುಲ್, ಗರಗಸದ ಕಂಪನಿಯ ಆಯಿಲ್. ಬೇರೆ ದೇಶದಿಂದ ದ್ರವ ತರಿಸುವುದೆಂದರೆ ಸಾಗಣೆ ಖರ್ಚು ಆಯಿಲನ್ನೇ ಮೀರಿಸುತ್ತದೆ. ಆದರೂ ಒಂದು ವರ್ಷ ಆ ಹೆಸರುಗಳ ಹಿಂದೆ ಅಲೆದೆ. ದೂರದ್ದು ಶ್ರೇಷ್ಠ ಎಂಬ ರೋಗ ನನಗೂ ಇದೆ.

ಹಾಗೆ ಅಲೆಯುತ್ತಿದ್ದಾಗಲೇ ಗಂಗೊಳ್ಳಿಯ ಸ್ನೇಹಿತನೊಬ್ಬ ಒಂದು ಡಬ್ಬಿ ಕೊಟ್ಟ. ಅವರ ಮನೆಯ ದೋಣಿಯ ಹಿಂದೆ ಕಟ್ಟುವ ಮೋಟರಿಗೆ ತಂದದ್ದು, ಟು ಸ್ಟ್ರೋಕ್ ಆಯಿಲೇ, ಹೊರದೇಶದ್ದೇ, ಬಿಟ್ಟಿ. ಡಬ್ಬಿಯ ಮೇಲೆ ಟಿಸಿ-ಡಬ್ಲ್ಯೂ3 ಎಂದು ಬರೆದಿತ್ತು. ಆ ಡಬ್ಲ್ಯೂ ಏನೆಂದು ನಾನು ಯೋಚಿಸಲಿಲ್ಲ. ನೀರು. ಹೊಳೆಯ, ಸಮುದ್ರದ ನೀರನ್ನೇ ಎಳೆದುಕೊಂಡು ಮೈ ತಣ್ಣಗಿಟ್ಟುಕೊಳ್ಳುವ ಎಂಜಿನ್ನಿಗೆ ಮಾಡಿದ ಆಯಿಲು ಅದು. ಉರಿದ ಮೇಲೆ ಬೂದಿ ಉಳಿಯದಂತೆ ಅದರಲ್ಲಿ ಲೋಹದ ಅಂಶವಿರುವ ಕೊಳೆ ತೊಳೆಯುವ ಸೇರಿಕೆಗಳನ್ನು ಹಾಕುವುದಿಲ್ಲ. ತಣ್ಣಗಿರುವ ಎಂಜಿನ್ನಿಗೆ ಅದು ಸಾಕು. ಗಾಳಿಯಿಂದಲೇ ತಣಿಯಬೇಕಾದ, ಸಿಲಿಂಡರಿನ ಮೇಲೆ ನೀರು ಚಿಮುಕಿಸಿದರೆ ಚುಂಯ್ ಎನ್ನುವ ನನ್ನ ಎಂಜಿನ್ನಿಗೆ ಅಲ್ಲ.

ಒಂದು ಹಂಗಾಮು ಹಾರಿಸಿದೆ. ಎಂಜಿನ್ ಶುರು ಮಾಡಲು ಪ್ರೊಪೆಲ್ಲರ್ ತಿರುಗಿಸುವಾಗ ಬೆರಳಿಗೆ ಸಿಗುತ್ತಿದ್ದ ಒತ್ತು ದಿನದಿಂದ ದಿನಕ್ಕೆ ಸಡಿಲವಾಗುತ್ತಿತ್ತು. ಅದನ್ನು ಎಂಜಿನ್ ಪಳಗುತ್ತಿರುವ ಲಕ್ಷಣ ಎಂದು ನಾನು ಖುಷಿಪಟ್ಟೆ. ಫೆಬ್ರವರಿಯ ಒಂದು ಬೆಳಿಗ್ಗೆ ನಮ್ಮೂರಿನ ಗದ್ದೆಬಯಲಿನಲ್ಲಿ, ಕೂಳೆಯ ಮೇಲೆ ಓಡಿಸಿ ಎಬ್ಬಿಸಿದೆ. ತೆಂಗಿನ ಮರದಷ್ಟು ಎತ್ತರ ಏರುವಷ್ಟರಲ್ಲಿ ಸದ್ದು ನಿಂತಿತು. ಬಯಲಿಗೆ ತಿರುಗಿಸುವಷ್ಟು ಎತ್ತರವೂ ಇರಲಿಲ್ಲ, ವೇಗವೂ ಇರಲಿಲ್ಲ. ಎದುರಿಗಿದ್ದದ್ದು ನಮ್ಮದೇ ಅಡಿಕೆ ತೋಟ. ವಿಮಾನ ಹೋಗಿ ಒಂದು ಮರದ ಸೋಗೆಯ ನಡುವೆ ಕೊಕ್ಕರೆಯ ಹಾಗೆ ಕುಳಿತಿತು.

ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರನ್ನು ಕರೆಸಬೇಕಾಯಿತು. ಅವರು ಮರವನ್ನು ಒಮ್ಮೆ ನೋಡಿ, ನನ್ನನ್ನು ಒಮ್ಮೆ ನೋಡಿ, "ಇದು ಹಣ್ಣಾಗಿದೆಯೋ ಇನ್ನೂ ಹಸಿಯೋ?" ಎಂದರು. ಅಪ್ಪಯ್ಯ ಅಂಗಳದಲ್ಲೇ ಕುಳಿತು ಕವಳ ಹಾಕುತ್ತಾ ನಕ್ಕರು. ಅಡಿಕೆ ಕೊನೆ ಇಳಿಸುವಷ್ಟೇ ನಾಜೂಕಾಗಿ ವಿಮಾನ ಹಗ್ಗದ ಮೇಲೆ ಜಾರಿಕೊಂಡು ಇಳಿಯಿತು. ಒಂದು ರೆಕ್ಕೆಯ ತುದಿ ಮುರಿದಿತ್ತು, ಅಷ್ಟೇ. ಎಂಜಿನ್ ಬಿಚ್ಚಿ ನೋಡಿದರೆ ಪಿಸ್ಟನ್ನಿನ ರಿಂಗು ತನ್ನ ತೋಡಿನಲ್ಲಿ ಅಲುಗಾಡದಂತೆ ಕಪ್ಪು ಅಂಟಿನಲ್ಲಿ ಕೂತುಹೋಗಿತ್ತು. ತಪ್ಪನ್ನೆಲ್ಲ ಆಯಿಲಿನ ಮೇಲೆ ಹೊರಿಸಲಾರೆ. ಅಂದು ಕಾರ್ಬುರೇಟರಿನ ಸೂಜಿ ಬಿಗಿ ಮಾಡಿ ಪೆಟ್ರೋಲನ್ನೂ ಕಡಿಮೆ ಬಿಟ್ಟಿದ್ದೆ, ಎಂಜಿನ್ ಕಾದಿತ್ತು. ಇಂಥ ಆಯಿಲಿನಲ್ಲೇ ವರ್ಷಗಟ್ಟಲೆ ಹಾರಿಸಿದವರೂ ಇದ್ದಾರೆ. ಆದರೂ ಆ ಕಪ್ಪು ಅಂಟನ್ನು ಚಾಕುವಿನ ತುದಿಯಿಂದ ಕೆರೆದವನು ನಾನು. ಆ ಡಬ್ಬಿ ಈಗ ಗೇಟಿನ ಕೀಲಿಗೆ ಆಯಿಲ್ ಬಿಡಲು ಇದೆ.

ಆ ಮೇಲೆ ಹೆಸರು ಓದುವುದನ್ನು ಬಿಟ್ಟು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಲು ಕಲಿತೆ. ಜಪಾನಿನ ವಾಹನ ಮಾನಕ ಸಂಸ್ಥೆಯ ಗುರುತು ಅಲ್ಲಿರುತ್ತದೆ: ಜಾಸೋ ಎಫ್‌ಬಿ, ಎಫ್‌ಸಿ, ಎಫ್‌ಡಿ. ಒಂದು ಮಾದರಿ ಆಯಿಲಿಗೆ ನೂರು ಅಂಕ ಎಂದಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೋಲಿಸಿ ಅಂಕ ಕೊಡುತ್ತಾರೆ. ನನಗೆ ಆಶ್ಚರ್ಯವಾದದ್ದು ಇದು: ಸವೆತ ತಡೆಯುವ ಜಾರುಗುಣಕ್ಕೆ ಮೂರು ದರ್ಜೆಗೂ ಕನಿಷ್ಠ ಅಂಕ ಒಂದೇ, 95. ದರ್ಜೆ ಏರಿದಂತೆ ಬದಲಾಗುವುದು ಶುಚಿತನ. ಕೊಳೆ ತೊಳೆಯುವ ಗುಣಕ್ಕೆ ಎಫ್‌ಬಿಗೆ 85 ಸಾಕು, ಎಫ್‌ಸಿಗೆ 95 ಬೇಕು, ಎಫ್‌ಡಿಗೆ 125. ಹೊಗೆಯ ವಿಷಯದಲ್ಲಿ ಎಫ್‌ಬಿಗೆ 45, ಮೇಲಿನ ಎರಡಕ್ಕೂ 85. ಅಂದರೆ ಹೆಚ್ಚು ದುಡ್ಡು ಕೊಟ್ಟು ನಾವು ಕೊಳ್ಳುವುದು ಬಹುಪಾಲು ಚೊಕ್ಕಟವಾದ ಪಿಸ್ಟನ್ನನ್ನು ಮತ್ತು ಕಡಿಮೆ ಹೊಗೆಯನ್ನು. ರಿಂಗು ಅಂಟಿಸಿಕೊಂಡ ನನಗೆ ಅದಕ್ಕಿಂತ ಬೇಕಾದದ್ದು ಇನ್ನೇನಿತ್ತು?

ಬಣ್ಣದ ವಿಷಯದಲ್ಲಿ ಅಂಗಡಿಯವರೂ ಮೋಸ ಹೋಗುತ್ತಾರೆ. ಕೆಂಪು ಆಯಿಲ್ ಗಟ್ಟಿ, ನೀಲಿ ತೆಳು ಎಂದು ಒಬ್ಬರು ನನಗೆ ಪಾಠ ಮಾಡಿದ್ದರು. ಬಣ್ಣ ಹಾಕುವುದು ಬೆರೆಸಿದ ಪೆಟ್ರೋಲು ಯಾವುದು, ಬೆರೆಸದ್ದು ಯಾವುದು ಎಂದು ಗೊತ್ತಾಗಲಿ ಎಂದು. ಇನ್ನೊಂದು ಕಡೆ, "ಎಲ್ಲಾ ಆಯಿಲೂ ಒಂದೇ ಮಾರಾಯರೇ, ಇದನ್ನೇ ಹಾಕಿ" ಎಂದು ಫೋರ್ ಸ್ಟ್ರೋಕ್ ಬೈಕಿನ ಎಂಜಿನ್ ಆಯಿಲನ್ನು ಚೀಲಕ್ಕೆ ಹಾಕಿಯೇ ಬಿಟ್ಟಿದ್ದರು. ಅದು ಉರಿಯಲೆಂದು ಮಾಡಿದ ಆಯಿಲಲ್ಲ. ಉರಿದರೆ ಬೂದಿಯಾಗಿ ಪ್ಲಗ್ಗಿನ ಮೂತಿಗೆ ಕೂರುತ್ತದೆ.

ಕೊನೆಗೆ ಆಯಿಲ್ ಸಿಕ್ಕಿದ್ದು ನಮ್ಮ ಮನೆಯ ಕೊಟ್ಟಿಗೆಯ ಅಟ್ಟದಲ್ಲಿ. ತೋಟದ ವೀಡ್ ಕಟರಿಗೆಂದು ಅಪ್ಪಯ್ಯ ಸಾಗರದ ಕೃಷಿ ಯಂತ್ರಗಳ ಅಂಗಡಿಯಿಂದ ತಂದಿಟ್ಟ ಡಬ್ಬಿಗಳು. ದೂಳು ಒರೆಸಿ ನೋಡಿದರೆ ಜಾಸೋ ಎಫ್‌ಡಿ. ಯೋಚಿಸಿದರೆ ಇದರಲ್ಲಿ ವಿಚಿತ್ರವೇನೂ ಇಲ್ಲ. ಮಾದರಿ ವಿಮಾನದ ಪೆಟ್ರೋಲ್ ಎಂಜಿನ್ನುಗಳು ಹುಲ್ಲು ಹೊಡೆಯುವ ಮೆಷಿನ್ನಿನ, ಮರ ಕೊಯ್ಯುವ ಗರಗಸದ ಒಡಹುಟ್ಟುಗಳು. ಜಪಾನಿನ ಜೆನೋವಾ ಎಂಜಿನ್ನುಗಳಂಥವು ಅದೇ ವಂಶದಿಂದ ವಿಮಾನಕ್ಕೆ ಬಂದವು. ಅದೇ ಗಾಳಿ ತಂಪು, ಹೇಗೆ ತಿರುಗಿಸಿದರೂ ಪೆಟ್ರೋಲ್ ಎಳೆಯುವ ಅದೇ ಪೊರೆಯ ಕಾರ್ಬುರೇಟರು. ಬಂಕಿನಿಂದ ಮಾಯವಾದ ಟು ಟಿ ಆಯಿಲು ಅಡಿಕೆ ತೋಟಕ್ಕೆ ಬಂದು ಸೇರಿಕೊಂಡಿತ್ತು. ಮಲೆನಾಡಿನಲ್ಲಿ ಮಳೆಗಾಲದ ಕೊನೆಗೆ ಯಾವ ತೋಟದ ಪಕ್ಕ ನಿಂತರೂ ಆ ಸದ್ದು ಕೇಳುತ್ತದೆ. ನನ್ನ ಕಿವಿ ಅದನ್ನು ಹುಲ್ಲಿನ ಲೆಕ್ಕಕ್ಕೆ ಹಾಕಿತ್ತು, ವಿಮಾನದ ಲೆಕ್ಕಕ್ಕೆ ಅಲ್ಲ.

ಈಗ ಅಳತೆ. ಇಲ್ಲಿ ನನಗೂ ಅಪ್ಪಯ್ಯನಿಗೂ ಜಗಳ. ಹುಲ್ಲು ಹೊಡೆಯುವವರು ಲೀಟರಿಗೆ "ಎರಡು ಮುಚ್ಚಳ" ಎಂದು ಹೊಯ್ಯುತ್ತಾರೆ; ಮುಚ್ಚಳ ಯಾವ ಡಬ್ಬಿಯದ್ದು ಎಂದು ಕೇಳಿದರೆ ಯಾರಿಗೂ ನೆನಪಿಲ್ಲ. ಗರಗಸದ ದೊಡ್ಡ ಕಂಪನಿಯಾದ ಸ್ಟಿಲ್‌ನ ಕೈಪಿಡಿಗಳಲ್ಲಿ ತಮ್ಮ ಆಯಿಲಾದರೆ 50:1, ಬೇರೆಯವರದ್ದಾದರೆ 25:1 ಎಂದು ಬರೆಯುತ್ತಿದ್ದರು. ಅದು ಎಷ್ಟು ತಂತ್ರಜ್ಞಾನ, ಎಷ್ಟು ವ್ಯಾಪಾರ ಎಂದು ನೀವೇ ಅಂದಾಜು ಮಾಡಿ. ನಾನು ಒಂದು ಲೀಟರ್ ಪೆಟ್ರೋಲಿಗೆ 33 ಮಿಲಿಲೀಟರ್ ಆಯಿಲನ್ನು ದನದ ಡಾಕ್ಟರು ಬಿಟ್ಟುಹೋದ ದೊಡ್ಡ ಸಿರಿಂಜಿನಲ್ಲಿ ಎಳೆದು ಹಾಕುತ್ತೇನೆ. ಸ್ವಲ್ಪ ಹೆಚ್ಚೇ ಇರಲಿ, ಜಾರಲಿ ಎನ್ನುವವರಿಗೆ ಒಂದು ಮಾತು: ಆಯಿಲು ಹೆಚ್ಚಾದಷ್ಟೂ ಅದೇ ಸೂಜಿಯ ತೂತಿನಲ್ಲಿ ಹೋಗುವ ಪೆಟ್ರೋಲು ಕಡಿಮೆಯಾಗುತ್ತದೆ. ಎಂಜಿನ್ನಿಗೆ ಹಸಿವು, ಮೈಗೆ ಬಿಸಿ. ಅಳತೆ ಬದಲಿಸಿದರೆ ಸೂಜಿಯನ್ನೂ ಮತ್ತೆ ಹೊಂದಿಸಬೇಕು. ಪ್ಲಗ್ ಬಿಚ್ಚಿ ನೋಡಿದಾಗ ಕಾಫಿಪುಡಿಯ ಬಣ್ಣ ಇದ್ದರೆ ನಾನು ನಿಶ್ಚಿಂತ. ಬೆಳ್ಳಗಿದ್ದರೆ ಅಂದು ಹಾರಿಸುವುದಿಲ್ಲ.

"ಎರಡು ಹನಿ ಹೆಚ್ಚಾದರೆ ಎಂಜಿನ್ ಸಾಯುತ್ತದೆಯೇ?" ಎಂದು ಅಪ್ಪಯ್ಯ ಗೇಲಿ ಮಾಡುತ್ತಾರೆ. ಇದೇ ಅಪ್ಪಯ್ಯ ಅಡಿಕೆಯ ಕೊಳೆ ರೋಗದ ಔಷಧಿಗೆ ಕೂತರೆ ಬೇರೆ ಮನುಷ್ಯ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಂದು ಡ್ರಮ್ಮಿನಲ್ಲಿ ಇದು, ಇನ್ನೊಂದರಲ್ಲಿ ಅದು, ಆಮೇಲೆ ಸುಣ್ಣದ ನೀರಿಗೆ ತುತ್ತದ ನೀರು. ಬೆರೆತ ಮೇಲೆ ಹೊಳೆಯುವ ಚಾಕು ಅದ್ದಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಒಂದು ಹಿಡಿ ಸುಣ್ಣದ ವ್ಯತ್ಯಾಸಕ್ಕೆ ಆಳುಗಳ ಮೇಲೆ ಕೂಗಾಡಿದ್ದನ್ನು ನಾನು ಕಂಡಿದ್ದೇನೆ. ಆ ಚಾಕುವನ್ನು ನೆನಪಿಸಿದಾಗ ಅವರು, "ಅದು ತೋಟ ಮಾರಾಯ" ಎಂದು ಮಾತು ಮುಗಿಸಿದರು.

ಇತ್ತೀಚಿನ ತಲೆನೋವು ಪೆಟ್ರೋಲಿನದ್ದೇ. ಈಗ ಬಂಕಿನಲ್ಲಿ ಸಿಗುವುದರಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ನೀವೇ ನೋಡಬಹುದು: ಉದ್ದನೆಯ ಅಳತೆ ಗಾಜಿನಲ್ಲಿ ಸ್ವಲ್ಪ ನೀರು, ಮೇಲೆ ಪೆಟ್ರೋಲು ಹಾಕಿ ಚೆನ್ನಾಗಿ ಕುಲುಕಿ ಇಟ್ಟರೆ, ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕಡೆಗೆ ಹೋಗುತ್ತದೆ, ಕೆಳಗಿನ ಪದರ ಏರುತ್ತದೆ. ಒಲೆಯಿಂದ ದೂರ, ಅಂಗಳದಲ್ಲಿ ಮಾಡಿ. ಡಬ್ಬಿಯೊಳಗೆ ನೀರಿನ ಪಸೆ ಸೇರಿದರೂ ಇದೇ ಆಗುತ್ತದೆ. ಎಥನಾಲು ಗಾಳಿಯ ತೇವವನ್ನೂ ಹೀರುತ್ತದೆ, ಮತ್ತೆ ನಾವಿರುವುದು ಜೂನಿನಿಂದ ಸೆಪ್ಟೆಂಬರಿನವರೆಗೆ ಉಪ್ಪಿನ ಮರಿಗೆಯೂ ಬೆವರುವ ಊರಿನಲ್ಲಿ. ಕಾರ್ಬುರೇಟರಿನ ತೆಳು ಪೊರೆಗಳು ಹಳೆಯ ಪೆಟ್ರೋಲಿನಲ್ಲಿ ನೆನೆದು ಬಿರುಸಾಗುತ್ತವೆ. ಮಳೆಗಾಲ ಮುಗಿದು ಎಂಜಿನ್ ಎಬ್ಬಿಸಲು ಹೋದರೆ ಅದು ಕೆಮ್ಮಿ ಸುಮ್ಮನಾಗುತ್ತದೆ. ಹಾಗಾಗಿ ಒಂದು ಲೀಟರಿಗಿಂತ ಹೆಚ್ಚು ಬೆರೆಸಿಡುವುದನ್ನು ಬಿಟ್ಟೆ. ಮೇ ಕೊನೆಗೆ ಟ್ಯಾಂಕ್ ಬರಿದು ಮಾಡಿ, ಉಳಿದಿರುವ ಹನಿಯೂ ಮುಗಿಯುವವರೆಗೆ ಎಂಜಿನ್ ಓಡಿಸಿ, ಪ್ಲಗ್ಗಿನ ತೂತಿನಿಂದ ನಾಲ್ಕು ಹನಿ ಆಯಿಲ್ ಬಿಟ್ಟು ಅಟ್ಟಕ್ಕೆ ಏರಿಸುತ್ತೇನೆ.

ಹಾರಿಸುವುದು ಊರಿನಲ್ಲೇ. ಶಿವಮೊಗ್ಗದ ಸುತ್ತ ಮೊದಲು ಸ್ನೇಹಿತರ ಜೊತೆ ಹಾರಿಸುತ್ತಿದ್ದೆ. 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಡ್ರೋನ್ ನಿಯಮಗಳ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ವಲಯ ನೋಡದೆ ಆ ಕಡೆ ಪೆಟ್ಟಿಗೆ ಬಿಚ್ಚುವುದಿಲ್ಲ. ನಿಜವಾದ ವಿಮಾನಕ್ಕೆ ದಾರಿ ಬಿಡಬೇಕಾದದ್ದೇ.

ಹುಡುಗನ ವಿಷಯಕ್ಕೆ ಬರುತ್ತೇನೆ. ಅಂದು ಅವನಿಗೆ ಮೊಬೈಲಿನಲ್ಲಿ ನನ್ನ ವಿಮಾನದ ವಿಡಿಯೋ ತೋರಿಸಿದೆ. ಎರಡು ಸಲ ನೋಡಿದ. ಒಳಗೆ ಹೋಗಿ ಮೂರು ಡಬ್ಬಿ ತಂದು ಸಾಲಾಗಿ ಇಟ್ಟ. ನಾನು ಒಂದೊಂದನ್ನೇ ತಿರುಗಿಸಿ ಹಿಂದಿನ ಅಕ್ಷರ ಓದುವುದನ್ನು ನೋಡಿ, "ಅಷ್ಟು ಸಣ್ಣದಾಗಿ ಏನು ಬರೆದಿರುತ್ತದೆ ಸಾರ್?" ಎಂದ. ಹೇಳಿದೆ. ಮುಂದಿನ ಸಲ ಹೋದಾಗ ಕೇಳುವ ಮೊದಲೇ ಎಫ್‌ಡಿ ಡಬ್ಬಿ ಮೇಜಿನ ಮೇಲಿತ್ತು.

ಈ ವರ್ಷ ಮೇ ಕೊನೆಯಲ್ಲಿ ಎಂಜಿನ್ ಅಟ್ಟಕ್ಕೆ ಏರಿಸುವ ಹೊತ್ತಿಗೆ ಸಿರಿಂಜು ಕಾಣಲಿಲ್ಲ. ಮನೆಯೆಲ್ಲ ಹುಡುಕಿ ಅಂಗಳಕ್ಕೆ ಬಂದರೆ ಔಷಧಿಯ ಡ್ರಮ್ಮಿನ ಪಕ್ಕದ ಕಲ್ಲಿನ ಮೇಲೆ, ಚಾಕುವಿನ ಜೊತೆಯಲ್ಲಿ ಇತ್ತು. ಮೈಯೆಲ್ಲ ನೀಲಿ. ಔಷಧಿ ಕಾಯಿಗೆ ಹತ್ತಿಕೊಳ್ಳಲೆಂದು ಬೆರೆಸುವ ಅಂಟನ್ನು ಅಪ್ಪಯ್ಯ ಅದರಲ್ಲಿ ಅಳೆದಿದ್ದರು.

"ಆಯಿಲ್ ವಾಸನೆ ಹೊಡೆಯುತ್ತಿತ್ತು, ಸೀಗೆಪುಡಿ ಹಾಕಿ ತೊಳೆದೆ" ಎಂದರು. "ಮುಚ್ಚಳದಲ್ಲಿ ಅಳೆದರೆ ಸರಿ ಬರುವುದಿಲ್ಲ ನೋಡು."

ಮರುದಿನ ಸಾಗರಕ್ಕೆ ಹೋಗಿ ಇನ್ನೊಂದು ಸಿರಿಂಜು ತಂದೆ.